ಮಗ್ಗದ ಕುಣಿಗೆ ಬಿದ್ದ ನಲವತ್ತೊಂದು ಮಂದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಆಮೇಲೆ ಯಾರಾದರೂ ಬಂದು "ಶಿವಗಂಗಾ ಸಿಸ್ಟರ್ ತಮ್ಮದನ್ನು ಮುಚ್ಚಿಟ್ಟು ಮಂದಿಯದನ್ನು ಹೇಳಿದರು" ಅನ್ನಬಾರದು. ನನಗೆ ಸಿಟ್ಟು ಬೇಗ ಬರುತ್ತದೆ, ಬಾಯಿ ಸ್ವಲ್ಪ ಜೋರು, ಅದೆಲ್ಲ ಖರೆ. ಆದರೆ ಮಾಡಿದ್ದನ್ನು ಮಾಡಿಲ್ಲ ಅನ್ನುವ ಪೈಕಿ ನಾನಲ್ಲ.

ನಾನು ಇಳಕಲ್ಲಿನ ಒಂದು ದವಾಖಾನೆಯಲ್ಲಿ ನರ್ಸು. ಯಾವ ದವಾಖಾನೆ ಅಂತ ಕೇಳಬೇಡಿ, ನನ್ನ ನೌಕರಿ ಇನ್ನೂ ಹನ್ನೊಂದು ವರ್ಷ ಇದೆ. ದಿನಾ ಮುಂಜಾನೆ ಹುನಗುಂದದಿಂದ ಬಸ್ಸಿಗೆ ಬಂದು ಕ್ಯಾಜುವಾಲ್ಟಿಯಲ್ಲಿ ನಿಂತೆ ಅಂದರೆ ಮಧ್ಯಾಹ್ನದ ತನಕ ಕೂರಲಿಕ್ಕೆ ಪುರಸೊತ್ತಿಲ್ಲ. ತಲೆ ಒಡೆದವರು, ಚೇಳು ಕಡಿದವರು, ಗ್ರಾನೈಟ್ ಚಪ್ಪಡಿ ಕಾಲ ಮೇಲೆ ಹಾಕಿಕೊಂಡವರು, ಎಲ್ಲರೂ ಮೊದಲು ನನ್ನ ಮುಂದೆಯೇ ಬರಬೇಕು. ನನ್ನ ಜೊತೆ ಆಯಾ ದೌಲತಬಿ ಇರುತ್ತಾಳೆ. ನನಗಿಂತ ಎಂಟು ವರ್ಷ ದೊಡ್ಡವಳು, ನನಗಿಂತ ಎಂಟು ಪಟ್ಟು ಬಾಯಿ ಜೋರು.

ಹೋದ ವರ್ಷ ಜೂನ್ ತಿಂಗಳಲ್ಲಿ ನಮ್ಮ ಮೇಜಿನ ಮೇಲೆ ಒಂದು ಟ್ಯಾಬ್ ಬಂದು ಕೂತಿತು. ಗಾಯ ನಿಗಾ ಯೋಜನೆ ಅಂತೆ. ಗಾಯವಾಗಿ ಬಂದ ಪ್ರತಿಯೊಬ್ಬರ ವಯಸ್ಸು, ಹೆಣ್ಣೋ ಗಂಡೋ, ಯಾವ ದಿನ, ಎಲ್ಲಿ, ಯಾತರಿಂದ ಅಂತ ಅದರಲ್ಲಿ ತುಂಬಬೇಕು. ಹೆಸರು ಬೇಡ, ಬರೀ ಒಂದು ನಂಬರು. ಬಾಗಲಕೋಟೆಯ ನವನಗರದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಕೊಟ್ಟರು. ಕೊಟ್ಟವರು ಡಾಕ್ಟರ್ ಪ್ರವೀಣಕುಮಾರ, ತುಮಕೂರು ಕಡೆಯವರು, ಹೊಸದಾಗಿ ಬಂದಿದ್ದರು. ಎಳೆ ಮುಖ, ಇಸ್ತ್ರಿ ಮಾಡಿದ ಅಂಗಿ, ಪುಸ್ತಕ ಓದಿದ ಹಾಗೆ ಮಾತು.

"ಪೊಲೀಸ್ ಠಾಣೆಗೆ ಹೋಗದ ಹೊಡೆತ ಕೂಡ ಆಸ್ಪತ್ರೆಗೆ ಬಂದೇ ಬರುತ್ತೆ," ಅಂದರು ಅವರು. "ಯಾವ ಊರಲ್ಲಿ, ಯಾವ ದಿನ, ಯಾರಿಗೆ ಹೆಚ್ಚು ಏಟು ಬೀಳ್ತಿದೆ ಅಂತ ನಮಗೆ ಗೊತ್ತಾದರೆ ಅದನ್ನ ತಡೆಯಬಹುದು. ಅದಕ್ಕೆ ನೀವು ನಿಜ ಬರೆದರೆ ಸಾಕು."

ಮಾತು ಚೆನ್ನಾಗಿಯೇ ಇತ್ತು. ಊಟದ ಹೋಳಿಗೆಯೂ ಚೆನ್ನಾಗಿತ್ತು. ಎರಡನ್ನೂ ಒಪ್ಪಿಕೊಂಡು ನಾನು ಬಸ್ ಹತ್ತಿದೆ.

ಅದಾಗಿ ಎರಡು ವಾರಕ್ಕೆ, ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಇಂದ್ರವ್ವ ಬಂದಳು. ಇಪ್ಪತ್ತೆಂಟು ವರ್ಷ ಇರಬಹುದು. ಹುಬ್ಬು ಸೀಳಿತ್ತು, ಕಣ್ಣು ಊದಿ ಮುಚ್ಚಿಕೊಂಡಿತ್ತು. ಜೊತೆಗೆ ಅತ್ತೆ ಗುರುಲಿಂಗವ್ವ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಗಟ್ಟಿ ಮುದುಕಿ. ಬಾಗಿಲಲ್ಲಿ ಗಂಡ ಕಲ್ಲಪ್ಪ ಮೊಬೈಲ್ ನೋಡುತ್ತ ನಿಂತಿದ್ದ. ನಾನು ನಾಲ್ಕು ಹೊಲಿಗೆಗೆ ಸಿದ್ಧ ಮಾಡಿಟ್ಟು ಟ್ಯಾಬ್ ತೆಗೆದೆ.

"ಹ್ಯಾಂಗಾತು?" ಅಂತ ಕೇಳಿದೆ.

"ಬಿದ್ದಾಳ್ರಿ," ಅಂದಳು ಅತ್ತೆ.

'ಬಿದ್ದದ್ದು' ಒತ್ತಿದರೆ ಆ ಹಾಳು ಟ್ಯಾಬ್ ಎಲ್ಲಿಂದ ಅಂತ ಕೇಳುತ್ತದೆ. ಮರ, ಮೆಟ್ಟಿಲು, ಬಚ್ಚಲು, ವಾಹನ, ಇತರೆ. "ಎಲ್ಲಿಂದ ಬಿದ್ದಾಳ?" ಅಂದೆ. ಅತ್ತೆ ಸೊಸೆಯನ್ನು ನೋಡಿದಳು, ಸೊಸೆ ನೆಲ ನೋಡಿದಳು. ಹಿಂದೆ ಏಳು ಮಂದಿಯ ಸಾಲು, ಒಬ್ಬ ವಾಂತಿ ಮಾಡಿಕೊಳ್ಳುತ್ತಿದ್ದ. ಹೊಡೆತ ಅಂತ ಬರೆದರೆ ಠಾಣೆಗೆ ಚೀಟಿ ಹೋಗಬೇಕು. ಠಾಣೆ ಅಂದರೆ ಆ ಹುಡುಗಿಯ ಜೀವ ಬಾಯಿಗೆ ಬರುತ್ತದೆ ಅಂತ ನನಗೆ ಗೊತ್ತು. ನೇಕಾರರ ಓಣಿಯವರು ಅಂತ ದವಾಖಾನೆಯ ಚೀಟಿಯಲ್ಲಿತ್ತು. ಕನಿಕರವೋ ಗಡಿಬಿಡಿಯೋ, 'ಇತರೆ' ಒತ್ತಿ ನಾನೇ ಬರೆದೆ: ಮಗ್ಗದ ಕುಣಿ.

ನೇಕಾರರ ಮನೆಯವಳು ನಾನು. ಕುಣಿಮಗ್ಗ ಅಂದರೆ ನೆಲದಲ್ಲಿ ತೋಡಿದ ತಗ್ಗು, ನೇಯುವವರು ಅದರ ಅಂಚಿಗೆ ಕೂತು ಕಾಲು ಒಳಗಿಟ್ಟು ತುಳಿಯುತ್ತಾರೆ. ನನ್ನ ಅವ್ವ ಮೂವತ್ತು ವರ್ಷ ಅದರಲ್ಲಿ ಕಾಲಿಟ್ಟು ಕೂತು ಸೀರೆ ನೇಯ್ದಳು, ಒಂದು ದಿನ ಬೀಳಲಿಲ್ಲ. ಬಿದ್ದರೂ ಮೊಣಕಾಲು ತರಚಬಹುದು, ಹುಬ್ಬು ಯಾಕೆ ಸೀಳುತ್ತದೆ? ಇದೆಲ್ಲ ಗೊತ್ತಿದ್ದೂ ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಕೇಳಿ ಇಂದ್ರವ್ವ ತಲೆ ಎತ್ತಿ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. ಕಲ್ಲಪ್ಪ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಆರಾಮಾಗಿ ಒಳಗೆ ಬಂದ.

ಟ್ಯಾಬಿನ ಒಂದು ಕೆಟ್ಟ ಗುಣ ನನಗೆ ಆಗ ಗೊತ್ತಿರಲಿಲ್ಲ. ಒಮ್ಮೆ ಬರೆದದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಯಾರಾದರೂ 'ಇತರೆ' ಒತ್ತಿದರೆ ಸಾಕು, "ಮಗ್ಗದ ಕುಣಿ?" ಅಂತ ತಾನೇ ಮುಂದೆ ಬರುತ್ತದೆ. ಮೂರು ಪಾಳಿಯ ನರ್ಸುಗಳಿಗೂ ಇದು ಹಬ್ಬವಾಯಿತು. ಬಿದ್ದೆ ಅಂದು ಸುಮ್ಮನಾಗುವ ಹೆಂಗಸು ಬಂದಳೋ, ಒಂದು ಬೆರಳು ಒತ್ತಿದರೆ ಮುಗಿಯಿತು. ಮಗ್ಗದ ಮುಖವನ್ನೇ ನೋಡದ ಐಹೊಳೆಯ ಕೂಲಿ ಹೆಣ್ಣುಮಗಳು ಮಗ್ಗದ ಕುಣಿಗೆ ಬಿದ್ದಳು. ಬಾದಾಮಿಯಿಂದ ತವರಿಗೆ ಬಂದಿದ್ದ ಕಾಲೇಜು ಮೇಷ್ಟ್ರ ಹೆಂಡತಿ, ಎರಡನೇ ಮಹಡಿಯಲ್ಲಿ ಮನೆ ಇರುವವಳು, ಅವಳೂ ಬಿದ್ದಳು.

ದೀಪಾವಳಿ ಅಮಾವಾಸ್ಯೆಗೆ ಇಂದ್ರವ್ವ ಎರಡನೇ ಸಲ ಬಂದಳು, ತುಟಿ ಒಡೆದಿತ್ತು. ಎಳ್ಳಮಾವಾಸ್ಯೆ ಮುಗಿಸಿ ಮೂರನೇ ಸಲ ಬಂದಾಗ ಎಡಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕುವಾಗ ಅತ್ತೆ ಹೊರಗೆ ಎಕ್ಸ್-ರೇ ಚೀಟಿ ಹಿಡಿದು ನಿಂತಿದ್ದಳು. ನಾನು ಬಗ್ಗಿ ಮೆಲ್ಲಗೆ ಕೇಳಿದೆ.

"ಇಂದ್ರವ್ವಾ, ಖರೇ ಬರೀಲೇನ? ಠಾಣೆಕ್ಕ ನಾನೂ ನಿನ್ ಜೋಡಿ ಬರ್ತೇನಿ. ಬಾಗಲಕೋಟಿಯಾಗ ಹೆಣ್ಮಕ್ಕಳಿಗೆ ಇರಾಕ ಜಾಗಾನೂ ಐತಿ."

"ಬ್ಯಾಡ್ರಿ ಅಕ್ಕಾರ," ಅಂದಳು. "ಕುಣಿ ಅಂತನ ಇರ್ಲಿ. ಊರಾಗ ಗಂಡನ ಕೈಲಿ ಬಡಸ್ಕೊಳ್ಳಾಕಿ ನಾ ಒಬ್ಬಾಕಿನ ಅನಿಸ್ಕೊಳ್ಳೂದು ಬ್ಯಾಡ ನನಗ. ಎಲ್ಲಾರೂ ಚಂದಾಗಿ ಬಾಳೇವು ಮಾಡಾಕತ್ತಾರ, ನನಗ ಅಷ್ಟ ಬರವಲ್ದು."

ನಾನು ಕುಣಿ ಒತ್ತಿದೆ. ಆ ದಿನ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಏನು ಮಾಡಿದ್ದ?

ಜನವರಿಯಲ್ಲಿ ನವನಗರದಲ್ಲಿ ಮತ್ತೆ ಮೀಟಿಂಗ್. ಡಾಕ್ಟರ್ ಪ್ರವೀಣಕುಮಾರ ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ ಹಾಕಿದರು. ಬಾದಾಮಿಯವರನ್ನು ಮಂಗಗಳು ಕಚ್ಚುತ್ತವೆ, ಹುನಗುಂದದವರು ಬೈಕಿನಿಂದ ಬೀಳುತ್ತಾರೆ, ಇಳಕಲ್ಲಿನವರು? ಅಲ್ಲಿ ಒಂದು ಕೆಂಪು ಕಂಬ ಚಾವಣಿ ಮುಟ್ಟುವಷ್ಟು ಎದ್ದು ನಿಂತಿತ್ತು.

"ಮಗ್ಗದ ಕುಣಿ," ಅಂದರು ಡಾಕ್ಟರು, ಹೊಸ ರೋಗ ಕಂಡುಹಿಡಿದವರ ಖುಷಿಯಲ್ಲಿ. "ಏಳು ತಿಂಗಳಲ್ಲಿ ನಲವತ್ತೊಂದು ಜನ. ಎಲ್ಲರೂ ಹೆಣ್ಣುಮಕ್ಕಳು. ಇಂಥದ್ದನ್ನ ನಾನು ಎಲ್ಲೂ ಓದಿಲ್ಲ. ಇನ್ನೊಂದು ವಿಚಿತ್ರ ನೋಡಿ, ಪ್ರತಿ ಇಪ್ಪತ್ತೊಂಬತ್ತು ಮೂವತ್ತು ದಿನಕ್ಕೊಮ್ಮೆ ಸಂಖ್ಯೆ ಏರುತ್ತೆ. ಮಗ್ಗಕ್ಕೆ ತಿಂಗಳಿಗೊಮ್ಮೆ ಸರ್ವಿಸಿಂಗ್ ಏನಾದರೂ ಮಾಡ್ತಾರಾ?"

ಬಾದಾಮಿಯ ನರ್ಸೊಬ್ಬಳು ನನ್ನ ಕಡೆ ತಿರುಗಿ, "ಅಯ್ಯ, ನಿಮ್ ಊರಾಗ ನೋಡಿ ನಡೀತಾರೋ ಇಲ್ಲೋ?" ಅಂದಳು. ನಾನು ನೀರು ಕುಡಿದೆ.

ಡಾಕ್ಟರು ಅಲ್ಲಿಗೇ ಬಿಡಲಿಲ್ಲ. ಕುಣಿಗಳಿಗೆ ಕಬ್ಬಿಣದ ಜಾಳಿಗೆ ಮುಚ್ಚಳ ಮಾಡಿಸಿ ಪುಕ್ಕಟೆ ಹಂಚುವ ಪ್ರಸ್ತಾವ ಬರೆದಿದ್ದರು. ಅದಕ್ಕೆ ಮೊದಲು ಒಂದು ಮನೆಯನ್ನಾದರೂ ಕಣ್ಣಾರೆ ನೋಡಬೇಕು, ಒಬ್ಬ ಹೆಣ್ಣುಮಗಳು ಮೂರು ಸಲ ಬಿದ್ದಿದ್ದಾಳಲ್ಲ, ಅವಳ ಮನೆಯೇ ಆಗಲಿ, ಅವರ ಒಪ್ಪಿಗೆ ನೀವೇ ಕೇಳಿ ಸಿಸ್ಟರ್ ಅಂದರು. ನನ್ನ ಕೈಗೆ ಒಂದು ಫಾರಂ ಕೊಟ್ಟರು. ಒಂಬತ್ತನೇ ಸಾಲು ಹೀಗಿತ್ತು: 'ಗಾಯಾಳು ಹಾಗೂ ಗಾಯಕ್ಕೆ ಕಾರಣವಾದದ್ದು ಒಂದೇ ಫೋಟೋದಲ್ಲಿ ಅಕ್ಕಪಕ್ಕ ಕಾಣತಕ್ಕದ್ದು.'

ಮರುದಿನ ದೌಲತಬಿಗೆ ಇದನ್ನೆಲ್ಲ ಹೇಳಿದೆ. ಅವಳು ನೆಲ ಒರೆಸುತ್ತಿದ್ದವಳು ಕೋಲು ಬಿಟ್ಟು ಕೂತುಬಿಟ್ಟಳು.

"ಯಾ ಅಲ್ಲಾ! ತಿಂಗಳಿಗೊಮ್ಮಿ ಏರತೈತಿ ಅಂದ್ರ ಅಮಾಸಿಗಿ ಅಲ್ಲೇನ ಗಂಗವ್ವಾ? ಅಮಾಸಿ ದಿನ ನಮ್ ಓಣ್ಯಾಗ ಮಗ್ಗ ಯಾರು ಹಚ್ತಾರ? ಕುಣಿಗೆ ಯಾರು ಇಳೀತಾರ?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ ಅಂತ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನನ್ನ ಅವ್ವ ಆ ಒಂದೇ ದಿನ ಕಾಲು ಚಾಚಿ ಕೂರುತ್ತಿದ್ದಳು. ವರ್ಷದಲ್ಲಿ ಯಾವ ದಿನ ಒಬ್ಬರೂ ಕುಣಿಯ ಹತ್ತಿರ ಸುಳಿಯುವುದಿಲ್ಲವೋ ಅದೇ ದಿನ ನಾವು ಊರಿನ ಹೆಂಗಸರನ್ನೆಲ್ಲ ಅದರಲ್ಲಿ ಬೀಳಿಸಿದ್ದೆವು.

"ಮಗ್ಗ ಬಂದ್, ಗಂಡಸ್ರು ಖಾಲಿ," ಅಂದಳು ದೌಲತಬಿ. "ಮುಂಜಾನಿಂದ ಕುಡ್ಯಾಕ ಹೊತ್ತು ಸಿಗತೈತಿ, ಸಂಜೀಕ ಬಡ್ಯಾಕ ಹೊತ್ತು ಸಿಗತೈತಿ. ಆ ಡಾಕ್ಟರಗ ಹೇಳು ಹೋಗು, ಜಾಳಗಿ ಕುಣಿಗಲ್ಲ, ಸೆರೆ ಅಂಗಡಿಗೆ ಹಾಕಂತ."

ಹೇಳಬೇಕು ಅಂತ ಎರಡು ಸಲ ಡಾಕ್ಟರ ನಂಬರ್ ಹಚ್ಚಿದೆ. ಎರಡು ಸಲವೂ "ಏನಿಲ್ರಿ ಸರ್, ಟ್ಯಾಬ್ ಚಾರ್ಜ್ ಆಗವಲ್ದು" ಅಂತ ಹೇಳಿ ಇಟ್ಟೆ. ಹೇಳಿದರೆ ಇಂದ್ರವ್ವನ ಗುಟ್ಟು ಹೊರಗೆ ಬೀಳುತ್ತದೆ, ನನ್ನ ಸುಳ್ಳೂ ಹೊರಗೆ ಬೀಳುತ್ತದೆ. ಯಾವುದಕ್ಕೆ ಹೆಚ್ಚು ಹೆದರಿದೆ ಅಂತ ಕೇಳಬೇಡಿ, ಉತ್ತರ ನನಗೇ ಇಷ್ಟವಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಮನೆಯವರೇ ಬೇಡ ಅಂದರೆ ಮುಗಿಯಿತಲ್ಲ? ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಗುರುಲಿಂಗವ್ವ ಎತ್ತುತ್ತಾಳೆ, ಹೆದರಿ ಒಲ್ಲೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಎತ್ತಿದವನು ಕಲ್ಲಪ್ಪ. ನಾನು ತೊದಲುತ್ತ ಕುಣಿ, ಮುಚ್ಚಳ, ಪುಕ್ಕಟೆ ಅಂತ ಮೂರು ಮಾತು ಆಡಿದೆನೋ ಇಲ್ಲವೋ, ಅವನು ಅರ್ಧಕ್ಕೇ ಹಿಡಿದ.

"ಸ್ಕೀಮ್ ಏನ್ರಿ? ಬರ್ರಿ, ಬರ್ರಿ! ಕುಣಿ ಐತ್ರಿ ನಮ್ಮಲ್ಲಿ, ಭಾಳ ದೊಡ್ಡ ಕುಣಿ! ಇವತ್ ಬ್ಯಾಡ, ಶನಿವಾರ ಬರ್ರಿ."

ಶನಿವಾರ ಮುಂಜಾನೆ ಹತ್ತಕ್ಕೆ ಡಾಕ್ಟರು ಜೀಪಿನಲ್ಲಿ ಬಂದರು, ನಾನು ಹಿಂದೆ ಕೂತೆ. ದಾರಿಯಲ್ಲಿ ಅವರು ಸಂತೋಷದಿಂದ, "ಸಿಸ್ಟರ್, ಆ ಮೂವತ್ತು ದಿನದ ಗುಟ್ಟು ಗೊತ್ತಾಯ್ತು. ಕ್ಯಾಲೆಂಡರ್ ಹಿಡಿದು ನೋಡಿದೆ. ಎಲ್ಲ ಅಮಾವಾಸ್ಯೆ!" ಅಂದರು. ಸಿಕ್ಕಿಬಿದ್ದೆ ಅಂದುಕೊಂಡೆ. "ಬೆಳದಿಂಗಳಿರಲ್ಲ ನೋಡಿ, ಕತ್ತಲಲ್ಲಿ ಕುಣಿ ಕಾಣಿಸಲ್ಲ."

ಬೆಳದಿಂಗಳಿನಲ್ಲಿ ಸಂಸಾರ ಮಾಡುವವರು ನಾವು ಅಂತ ತಿಳಿದಿದ್ದರು ಆ ಮಹಾರಾಯರು. ನಗಬೇಕೋ ಅಳಬೇಕೋ ತಿಳಿಯದೆ ಹೌದ್ರಿ ಅಂದೆ.

ಕಲ್ಲಪ್ಪನ ಮನೆ ಓಣಿಯ ತುದಿಗಿತ್ತು. ಒಳಗೆ ಕಾಲಿಟ್ಟ ಕೂಡಲೇ ನಾನು ಮೊದಲು ನೆಲ ನೋಡಿದೆ. ಪಡಸಾಲೆಯ ತುಂಬ ಇಳಕಲ್ಲಿನ ಕೆಂಪು ಕಲ್ಲು ಹಾಸಿತ್ತು, ಒಂದು ಗೋಡೆಗೆ ಎರಡು ಪವರ್‌ಲೂಮು. ಕರೆಂಟಿನ ಮಗ್ಗಕ್ಕೆ ಕುಣಿ ಎಲ್ಲಿಂದ ಬರಬೇಕು? ಈ ಮನೆಯ ಕುಣಿ ಮುಚ್ಚಿ ಕಲ್ಲು ಹಾಸಿ ವರ್ಷಗಳೇ ಆಗಿದ್ದವು. ನಾನು ಓಣಿಯ ಹೆಸರು ನೋಡಿ ಬರೆದವಳು, ಮನೆಯಲ್ಲಿ ಕುಣಿ ಇದೆಯೋ ಇಲ್ಲವೋ ಅಂತ ಒಂದು ಮಾತು ಕೇಳಿದವಳಲ್ಲ.

ಆದರೆ ಕುಣಿ ಇತ್ತು! ಮೂಲೆಯಲ್ಲಿ ನಾಲ್ಕು ಚಪ್ಪಡಿ ಕಿತ್ತು ಗೋಡೆಗೆ ಒರಗಿಸಿದ್ದರು. ಅಲ್ಲಿ ಚೌಕಾಕಾರದ ತಗ್ಗು, ಅಂಚಿನಲ್ಲಿ ಇನ್ನೂ ಹಸಿ ಮಣ್ಣು. ಮುಚ್ಚಳದ ಆಸೆಗೆ ಈ ಪುಣ್ಯಾತ್ಮ ಮೂರು ದಿನದಲ್ಲಿ ಮನೆಯ ನೆಲವನ್ನೇ ಅಗೆದಿದ್ದ.

ಕಲ್ಲಪ್ಪ ತಲೆಗೆ ಎಣ್ಣೆ ಬಳಿದು, ಬಿಳಿ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಜೋರಾಗಿ ಕೂತಿದ್ದ. "ನೋಡ್ರಿ ಸಾಹೇಬ್ರ, ಇದ ಕುಣಿ. ಅಜ್ಜನ ಕಾಲದ್ದು."

ಡಾಕ್ಟರು ಟೇಪು ಹಿಡಿದು ಅಳೆದರು. "ಎರಡೂವರೆ ಅಡಿ. ಮಗ್ಗ ಎಲ್ಲಿದೆ?"

"ರಿಪೇರಿಗೆ ಕೊಟ್ಟೀವ್ರಿ."

ಡಾಕ್ಟರು ಅದನ್ನೂ ಬರೆದುಕೊಂಡರು. ನಾನು ಇಂದ್ರವ್ವನನ್ನು ನೋಡುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಹಾಕುವಾಗ ಹಾಲಿನಷ್ಟು ಬೆಳ್ಳಗಿದ್ದ ಪ್ಲಾಸ್ಟರು ಮೊಣಕೈ ತನಕ ಕೆಂಪು ಮಣ್ಣಾಗಿತ್ತು. ಅಗೆದವನು ಅವನು, ಬುಟ್ಟಿಯಲ್ಲಿ ಮಣ್ಣು ಹೊತ್ತು ಹಿತ್ತಲಿಗೆ ಹಾಕಿದವಳು ಇವಳು, ಮುರಿದ ಕೈಯಲ್ಲಿ. ತಾನು ಬೀಳದೇ ಇದ್ದ ಕುಣಿಯನ್ನು ತೋಡಲಿಕ್ಕೆ ತಾನೇ ಕೈ ಹಚ್ಚಿದ್ದಳು. ನನಗೆ ಎಂಥ ಸಿಟ್ಟು ಬಂತೆಂದರೆ ಕುರ್ಚಿ ಸಮೇತ ಅವನನ್ನು ಆ ತಗ್ಗಿಗೇ ನೂಕಬೇಕು ಅನ್ನಿಸಿತು. ಬಾಯಿ ತೆರೆದೆ. ಇಂದ್ರವ್ವ ನನ್ನ ಕಡೆ ನೋಡಿ ಬೇಡ ಅನ್ನುವಂತೆ ತಲೆ ಅಲ್ಲಾಡಿಸಿದಳು. ನಾವು ಜೀಪು ಹತ್ತಿ ಹೋದಮೇಲೆ ಅವನ ಜೊತೆ ಇರಬೇಕಾದವಳು ಅವಳು. ಸುಮ್ಮನಾದೆ.

ಡಾಕ್ಟರು ಅವಳ ಹತ್ತಿರ ಹೋಗಿ ಮೆತ್ತಗೆ ಮಾತಾಡಿದರು. "ಅಮ್ಮ, ನೀವು ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ನಿಮ್ಮದೇನೂ ತಪ್ಪಿಲ್ಲ. ನೀವೊಬ್ಬರೇ ಅಲ್ಲ, ನಲವತ್ತೊಂದು ಜನ ಹೆಣ್ಣುಮಕ್ಕಳು ಹೀಗೇ ಬಿದ್ದು ಆಸ್ಪತ್ರೆಗೆ ಬಂದಿದ್ದಾರೆ. ಮುಕ್ಕಾಲು ಜನ ಅಮಾವಾಸ್ಯೆಗೇ."

ಇಂದ್ರವ್ವ ಬಾಗಿಲು ಬಿಟ್ಟು ನೆಟ್ಟಗೆ ನಿಂತಳು. "ಎಷ್ಟ್ ಮಂದಿ ಅಂದ್ರಿ?"

"ನಲವತ್ತೊಂದು."

ಅವಳು ನನ್ನ ಕಡೆ ತಿರುಗಿದಳು. "ಖರೆ ಏನ್ರಿ ಅಕ್ಕಾರ?"

"ಖರೆ," ಅಂದೆ.

"ಎಲ್ಲಾರೂ ನನ್ನಂಗ ಬಿದ್ದವರ?"

"ನಿನ್ನಂಗ ಬಿದ್ದವರ, ಇಂದ್ರವ್ವಾ. ಒಬ್ಬಾಕಿ ಮಾಸ್ತರ್ ಹೆಂಡ್ತಿ."

ಅವಳು ಬಾಯಲ್ಲೇ ಆ ಸಂಖ್ಯೆಯನ್ನು ಒಂದು ಸಲ ಹೇಳಿಕೊಂಡಳು. ಅಷ್ಟು ದಿನ ಊರಿಗೆಲ್ಲ ಒಬ್ಬಳೇ ಅಂತ ತಿಳಿದವಳಿಗೆ ಒಮ್ಮೆಲೇ ಒಂದು ಬಸ್ಸಿನ ತುಂಬ ಜೊತೆಗಾರರು ಸಿಕ್ಕಿದ್ದರು. ನಾನು ಏಳು ತಿಂಗಳು ಅದನ್ನು ಅವಳಿಂದ ಮುಚ್ಚಿಟ್ಟಿದ್ದೆ, ಅದೂ ಅವಳ ಒಳ್ಳೆಯದಕ್ಕೆ ಅಂತ.

"ಬನ್ನಿ, ಒಂದು ಫೋಟೋ," ಅಂದರು ಡಾಕ್ಟರು ಮೊಬೈಲ್ ಎತ್ತಿ. "ಗಾಯಕ್ಕೆ ಕಾರಣ ಆದದ್ದರ ಪಕ್ಕ ನಿಂತುಕೊಳ್ಳಿ."

"ಹೋಗ, ಕುಣಿ ಬಾಜೂಕ ನಿಂದ್ರು," ಅಂದ ಕಲ್ಲಪ್ಪ. "ಸೆರಗು ಸರಿ ಮಾಡ್ಕೋ."

ಇಂದ್ರವ್ವ ಸೆರಗು ಸರಿ ಮಾಡಿಕೊಂಡಳು. ಕುಣಿಯ ತನಕ ಹೋದಳು, ಬಗ್ಗಿ ಒಳಗೆ ನೋಡಿದಳು. ಆಮೇಲೆ ಅದನ್ನು ಬಳಸಿಕೊಂಡು ಈ ಕಡೆ ಬಂದು ಗಂಡನ ಕುರ್ಚಿಯ ಪಕ್ಕ ನಿಂತು, ಮಣ್ಣಾದ ಪ್ಲಾಸ್ಟರನ್ನು ಎದೆಗೆ ಆನಿಸಿಕೊಂಡು ಕ್ಯಾಮೆರಾ ನೋಡಿದಳು.

ಡಾಕ್ಟರಿಗೆ ತಿಳಿಯಲಿಲ್ಲ. "ಇಲ್ಲಲ್ಲಮ್ಮ, ಆ ಕಡೆ. ಕಾರಣದ ಪಕ್ಕ ನಿಲ್ಲಬೇಕು."

"ಅದರ ಬಾಜೂಕ ನಿಂತೇನ್ರಿ," ಅಂದಳು ಇಂದ್ರವ್ವ. "ತಗೀರಿ."

ಡಾಕ್ಟರ ಮೊಬೈಲು ಗಾಳಿಯಲ್ಲೇ ನಿಂತಿತು. ಅವರ ಕಣ್ಣು ಅವಳ ಕೈಯಿಂದ ಹುಬ್ಬಿನ ಗಾಯದ ಗುರುತಿಗೆ, ಅಲ್ಲಿಂದ ಕುರ್ಚಿಯಲ್ಲಿದ್ದವನಿಗೆ ಹೋಯಿತು. ಕಲ್ಲಪ್ಪನ ಮುಖ ಕಪ್ಪಿಟ್ಟಿತು. "ಏನ್ ಹುಚ್ಚಿ ಹಂಗ..." ಅನ್ನುತ್ತ ಏಳಲಿಕ್ಕೆ ಹೋದ.

"ಕುಂದ್ರಲೇ!"

ಅಂದವಳು ಗುರುಲಿಂಗವ್ವ. ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಿದ್ದಳು. ತಟ್ಟೆಯನ್ನು ಕುಣಿಯ ಮಣ್ಣಿನ ಮೇಲೆ ಇಟ್ಟಳು. ಮೂರು ಸಲವೂ ಬಿದ್ದಾಳ್ರಿ ಅಂದವಳು ಇವಳೇ.

"ಕುಂದ್ರು. ಮಾರಿ ಮ್ಯಾಲೆತ್ತು. ಫೋಟೋದಾಗ ಚಂದಾಗಿ ಬರಬೇಕು ನೀ."

ಅವನು ಕೂತ. ತಾಯಿಯ ಮಾತಿಗೆ ಕೂತನೋ, ಬಾಗಿಲಲ್ಲಿ ಅಷ್ಟೊತ್ತಿಗೆ ನೆರೆದಿದ್ದ ಓಣಿಯವರನ್ನು ನೋಡಿ ಕೂತನೋ ನನಗೆ ಗೊತ್ತಿಲ್ಲ. ಡಾಕ್ಟರು ಫೋಟೋ ತೆಗೆಯಲಿಲ್ಲ. ಮೊಬೈಲ್ ಕೆಳಗಿಳಿಸಿ ನನ್ನ ಕಡೆ ನೋಡಿದರು.

"ಸಿಸ್ಟರ್, ಆ ನಲವತ್ತೊಂದೂ..."

"ಹೌದ್ರಿ ಸರ್. ಮೊದಲನೇದು ನಾನ ಬರದದ್ದು. ಉಳದದ್ದು ಟ್ಯಾಬ್ ಬರಕೋತ ಹೋತು, ನಾವು ಒತ್ತಕೋತ ಹೋದ್ವಿ."

ಅವರು ಕುಣಿಯ ಅಂಚಿನಲ್ಲೇ ಕೂತುಬಿಟ್ಟರು, ಇಸ್ತ್ರಿ ಮಾಡಿದ ಪ್ಯಾಂಟಿನ ಸಮೇತ. ಸ್ವಲ್ಪ ಹೊತ್ತಿಗೆ ಎದ್ದು, ಇಂದ್ರವ್ವನ ಮುಂದೆ ನಿಂತು, "ಅಮ್ಮ, ಇದನ್ನ ಹೀಗೆ ಎಲ್ಲರ ಎದುರು ಕೇಳಬಾರದಿತ್ತು ನಾನು. ಈಗ ಏನು ಮಾಡಬೇಕು ಅಂತ ನೀವು ಹೇಳಿ, ಹಾಗೆ ಮಾಡೋಣ," ಅಂದರು. ನಿಜ ಹೇಳುತ್ತೇನೆ, ಆ ಎಳೆ ಮುಖದ ಮೇಲೆ ನನಗೆ ಆಗ ಮೊದಲ ಸಲ ಗೌರವ ಬಂತು.

"ದವಾಖಾನಿಗೆ ಹೋಗೂಣ್ರಿ," ಅಂದಳು ಇಂದ್ರವ್ವ. "ಮೊದ್ಲ ಅಲ್ಲಿ ಖರೇ ಬರೀರಿ. ಆಮ್ಯಾಲೆ ಠಾಣೆಕ್ಕ ಹೋಗೂಣು."

ಜೀಪಿನಲ್ಲಿ ಹಿಂದೆ ನಾವು ಮೂವರು ಹೆಂಗಸರು ಕೂತೆವು. ಅತ್ತೆ ನಡುವೆ ಕೂತಿದ್ದಳು, ದಾರಿಯುದ್ದಕ್ಕೂ ಸೊಸೆಯ ಪ್ಲಾಸ್ಟರಿನ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು, ಧೂಳು ಅಂದೆ.

ಆಮೇಲೆ ಆಗಬೇಕಾದ್ದು ಆಯಿತು. ನನಗೆ ಕಾರಣ ಕೇಳಿ ನೋಟಿಸ್ ಬಂತು, ಎರಡು ಪುಟ ಉತ್ತರ ಬರೆದೆ, ಒಂದು ಪುಟ ಬೈಗುಳ ಇತ್ತು, ಅದನ್ನು ದೌಲತಬಿ ಹರಿದು ಹಾಕಿದಳು. ಕಲ್ಲಪ್ಪ ಸದ್ಯ ಬಾದಾಮಿಯಲ್ಲಿ ಅಕ್ಕನ ಮನೆಯಲ್ಲಿದ್ದಾನೆ, ಕೋರ್ಟಿನ ತಾರೀಖಿಗೆ ಬಂದು ಹೋಗುತ್ತಾನೆ. ಮನೆ ಗುರುಲಿಂಗವ್ವನ ಹೆಸರಿನಲ್ಲಿದೆ, ಬಾಗಿಲಿನ ಕೀಲಿ ಅವಳ ಸೊಂಟದಲ್ಲಿದೆ. ಕುಣಿಯನ್ನು ಮುಚ್ಚಿಸಲಿಲ್ಲ. ಹೆಂಗೂ ತೋಡ್ಯಾನ ಅಂತ ಅಟ್ಟದ ಮೇಲಿದ್ದ ಹಳೇ ಮಗ್ಗ ಇಳಿಸಿ ಹೂಡಿದ್ದಾರೆ, ಇಂದ್ರವ್ವನ ಕೈಗೆ ಪೂರ್ತಿ ಬಲ ಬಂದೊಡನೆ ಸೀರೆ ನೇಯುತ್ತಾಳಂತೆ. ನನಗೆ ಒಂದು ಕೊಡುತ್ತಾಳಂತೆ, ನೋಡೋಣ.

ಡಾಕ್ಟರು ಟ್ಯಾಬಿನಿಂದ ಮಗ್ಗದ ಕುಣಿಯನ್ನು ಕಿತ್ತು ಹಾಕಿದರು. ಇಳಕಲ್ಲಿನ ಕೆಂಪು ಕಂಬಕ್ಕೆ ಹೊಸ ಹೆಸರು ಕೊಟ್ಟು, ಅಮಾವಾಸ್ಯೆಯ ನಕ್ಷೆಯನ್ನು ಹಿಡಿದುಕೊಂಡು ಯಾವ ಯಾವ ಕಚೇರಿಗೋ ಅಲೆಯುತ್ತಿದ್ದಾರೆ. ಈಗ ಅಮಾವಾಸ್ಯೆ ಬಂದರೆ ನಮ್ಮಲ್ಲಿ ಒಬ್ಬ ಹೆಚ್ಚಿನ ನರ್ಸು, ಮಹಿಳಾ ಸಹಾಯ ಕೇಂದ್ರದ ಒಬ್ಬಾಕೆ, ಮೂಲೆಯಲ್ಲಿ ಒಂದು ಪರದೆ. ಪರದೆಯ ಒಳಗೆ ಜೊತೆಗೆ ಬಂದವರಿಗೆ ಪ್ರವೇಶವಿಲ್ಲ. ಬಂದ ತಕ್ಷಣ ಎಲ್ಲರೂ ಬಾಯಿ ಬಿಟ್ಟರು ಅಂತ ತಿಳಿಯಬೇಡಿ. ಶಿವರಾತ್ರಿ ಅಮಾವಾಸ್ಯೆಗೆ ಆರು ಮಂದಿ ಬಂದರು, ಆರೂ ಮಂದಿ ಬಚ್ಚಲಲ್ಲಿ ಜಾರಿದ್ದರು.

ಯುಗಾದಿ ಅಮಾವಾಸ್ಯೆಯ ಮರುದಿನ, ಬೇವುಬೆಲ್ಲದ ರುಚಿ ಇನ್ನೂ ನಾಲಿಗೆ ಮೇಲಿತ್ತು, ಒಬ್ಬ ಹೆಣ್ಣುಮಗಳು ಬಂದಳು. ದವಡೆ ಊದಿತ್ತು. ಮೂವತ್ತೈದರ ಹೆಂಗಸು, ಕೈಯಲ್ಲಿ ಹಸಿರು ಬಳೆ, ಎರಡು ಒಡೆದಿದ್ದವು. ಜೊತೆಗೆ ಬಂದ ಗಂಡ ನಾನು ಕೇಳುವ ಮೊದಲೇ, "ಮಗ್ಗದ ಕುಣ್ಯಾಗ ಬಿದ್ದಾಳ್ರಿ," ಅಂದ. ಸುದ್ದಿ ಆ ಓಣಿಗೆ ಇನ್ನೂ ಮುಟ್ಟಿರಲಿಲ್ಲ ಅಂತ ಕಾಣುತ್ತದೆ.

"ಹೌದೇನಪಾ? ಭಾಳ ಕೆಟ್ಟ ಕುಣಿ ಅದು," ಅಂದಳು ದೌಲತಬಿ, ಅವನ ರಟ್ಟೆ ಹಿಡಿದು. "ನೀ ಹೊರಗ ಕುಂದ್ರು ಬಾ. ಒಳಗ ಗಂಡಸರಿಗೆ ಬಿಡೂದಿಲ್ಲ."

ಪರದೆ ಎಳೆದೆ. ಅವಳು ಹಾಸಿಗೆಯ ಅಂಚಿಗೆ ಕೂತು ಒಡೆದ ಬಳೆಯನ್ನು ತಿರುವುತ್ತಿದ್ದಳು. ನಾನು ದವಡೆಗೆ ಐಸ್ ಒತ್ತಿದೆ, ಟ್ಯಾಬ್ ಮುಟ್ಟಲಿಲ್ಲ.

"ಕುಣಿ ಅಂತ ಬರೀರಲ್ಲ, ಮುಗೀತು," ಅಂದಳು.

"ಬರೀತಿದ್ನೆವ್ವಾ, ಆದ್ರ ಅದನ್ನ ತಗದಾರ. ಹೋದ ವರ್ಷ ಆ ಕುಣಿಗೆ ನಲವತ್ತೊಂದು ಮಂದಿ ಬಿದ್ರು. ಎಲ್ಲಾರೂ ಹೆಣ್ಮಕ್ಕಳು. ಹೆಚ್ಚಿನವರು ಅಮಾಸಿಗೇ ಬಿದ್ದವರು."

ಬಳೆ ತಿರುವುವ ಕೈ ನಿಂತಿತು. ಹೊರಗೆ ದೌಲತಬಿ ಅವನಿಗೆ ಮಳೆ ಬೆಳೆಯ ಸುದ್ದಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಆ ಹೆಣ್ಣುಮಗಳು ಮೂಗು ಒರೆಸಿಕೊಂಡು, ಪಕ್ಕದ ಮೇಜಿನ ಮೇಲಿದ್ದ ಟ್ಯಾಬನ್ನು ತಾನೇ ನನ್ನ ಕಡೆ ಸರಿಸಿದಳು.

"ಹಂಗಾದ್ರ ನಲವತ್ತೆರಡು ಅಂತ ಬರ್ಕೋರಿ," ಅಂದಳು.